ಮಾವನ ಎಡಗಡೆಯ ಸೀಟು

ಮಾವನ ಕಾರಿನಲ್ಲಿ ನನ್ನ ಜಾಗ ಎಡಗಡೆ. ಅದರಲ್ಲಿ ಇದ್ದದ್ದೇ ಎರಡು ಸೀಟು. ಬಲಗಡೆ ಸ್ಟಿಯರಿಂಗಿನ ಹಿಂದೆ ಮಾವ, ಅಂದರೆ ಅಮ್ಮನ ತಮ್ಮ. ಎಡಗಡೆ ನಾನು, ಮಡಿಲಲ್ಲಿ ಅವರ ಔಷಧಿ ಚೀಲ. ತಲೆಯ ಮೇಲೆ ಏನೂ ಇಲ್ಲ. ಆ ಕಾರಿಗೆ ಮಾಡು ಇರಲಿಲ್ಲ, ಚಾವಣಿಯೇ ಇಲ್ಲದ ಕಾರು.

ಆ ಸಂಜೆ ಕಳೆದು ಮೂರು ವರ್ಷವಾಯಿತು. ಈಗಲೂ ಎಲ್ಲಿಯಾದರೂ ಮಿಂಚಿದರೆ ನನ್ನ ತುಟಿ ತನ್ನಷ್ಟಕ್ಕೆ ಎಣಿಸಲು ಶುರುಮಾಡುತ್ತದೆ. ಗುಡುಗು ಕೇಳುವವರೆಗೆ ನಿಲ್ಲುವುದಿಲ್ಲ. ಒಮ್ಮೆ ಕ್ಲಾಸಿನ ನಡುವೆ ಹೀಗಾಗಿ, ಬೋರ್ಡಿನ ಕಡೆ ತಿರುಗಿ ನಾನು ಏನೋ ಜಪ ಮಾಡುತ್ತಿದ್ದೇನೆಂದು ಮಕ್ಕಳು ನಕ್ಕದ್ದೂ ಉಂಟು. ಪದವಿನ ಮೇಲಿನ, ಆ ಬೋಳು ಗುಡ್ಡದ ನೆತ್ತಿಯ ಬಿಳಿ ಬೆಳಕು ಹೊತ್ತುಗೊತ್ತಿಲ್ಲದೆ ಕಣ್ಣೆದುರು ಬರುತ್ತದೆ. ಅದು ಬಂದ ಕೂಡಲೇ ಅದಕ್ಕೆ ಮೊದಲಿನ ದಿನಗಳೂ ಸಾಲಾಗಿ ಬರುತ್ತವೆ. ಎಷ್ಟು ಒಳ್ಳೆಯ ದಿನಗಳು! ಒಂದನ್ನು ಬಿಟ್ಟು ಇನ್ನೊಂದನ್ನು ನೆನಪು ಮಾಡಿಕೊಳ್ಳಲು ನನಗೆ ಇನ್ನೂ ಬರುವುದಿಲ್ಲ.

ಮಾವ ದನದ ಡಾಕ್ಟರು. ಸರಕಾರಿ ಮೃಗಾಸ್ಪತ್ರೆಯಿಂದ ನಿವೃತ್ತರಾದ ಮೇಲೂ ಊರು ಅವರನ್ನು ಬಿಡಲಿಲ್ಲ. ಒಳಗೆ ಕುಂಬ್ಡಾಜೆಯ ಗುಡ್ಡಗಳವರೆಗೆ, ಅತ್ತ ವರ್ಕಾಡಿಯ ಗಡಿಯವರೆಗೆ, ಯಾರ ಹಟ್ಟಿಯಲ್ಲಿ ದನ ಕರು ಹಾಕಲು ಕಷ್ಟಪಟ್ಟರೂ ಫೋನ್ ಅವರಿಗೇ. ಮನೆಯಲ್ಲಿ ಒಬ್ಬರೇ, ಮದುವೆಯಾಗಲಿಲ್ಲ. ನಿವೃತ್ತರಾದ ವರ್ಷವೇ ಕೊಯಮತ್ತೂರಿನ ಒಂದು ವರ್ಕ್‌ಶಾಪಿಗೆ ನಾಲ್ಕಾರು ಸಲ ಹೋಗಿ, ಕೊನೆಗೆ ಈ ಕಾರಿನಲ್ಲಿ ಕೂತು ಮರಳಿದರು. ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ನಕಲು ಅದು. ಉದ್ದ ಮೂತಿ, ಗುಂಡು ಕಣ್ಣಿನ ಹೆಡ್‌ಲೈಟು, ಕಾಲೆತ್ತಿ ದಾಟಬಹುದಾದಷ್ಟು ಗಿಡ್ಡ ಬಾಗಿಲು, ಎಳೆಯ ಬಾಳೆಲೆಯ ಬಣ್ಣ. ಎಂಜಿನ್ ಮಾತ್ರ ನಮ್ಮ ದೇಶದ್ದೇ, ಯಾವುದೋ ಹಳೆಯ ಟ್ಯಾಕ್ಸಿಯದ್ದು. ಮೈ ಪೂರ್ತಿ ಫೈಬರ್. ಬೆರಳಿನಿಂದ ತಟ್ಟಿದರೆ ಪ್ಲಾಸ್ಟಿಕ್ ಬಾಲ್ದಿಯ ಶಬ್ದ. ವೆಟರಿನರಿ ಓದುವಾಗ ಹಾಸ್ಟೆಲಿನ ಎದುರಿನ ಕ್ಷೌರದಂಗಡಿಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತಂತೆ, ಅದರಲ್ಲಿ ಇಂಥ ಕಾರಿನ ಚಿತ್ರವಿತ್ತಂತೆ. ತಲೆ ಬಗ್ಗಿಸಿ ಕೂತಾಗಲೆಲ್ಲ ಕಣ್ಣು ಮೇಲೆ ಮಾಡಿ ಅದನ್ನೇ ನೋಡುತ್ತಿದ್ದರಂತೆ.

ಅಮ್ಮ ಅಂಗಳಕ್ಕೆ ಬಂದು ಕಾರಿಗೆ ಒಂದು ಸುತ್ತು ಹಾಕಿ ಹೇಳಿದ್ದು ಇಷ್ಟು: "ಈ ಊರಲ್ಲಿ ಕೋಳಿಗೂಡು ಕಟ್ಟುವವರು ಸಹ ಮೊದಲು ಮಾಡಿನ ಬಗ್ಗೆ ಯೋಚನೆ ಮಾಡ್ತಾರೆ. ನೀನು ಮಾಡಿಲ್ಲದ್ದನ್ನು ತಂದಿದ್ದೀಯಲ್ಲ ಮಾರಾಯ!"

"ಮಾಡು ಉಂಟು ಅಕ್ಕ. ಡಿಕ್ಕಿಯಲ್ಲಿ ಮಡಚಿ ಇಟ್ಟಿದ್ದೇನೆ," ಎಂದರು ಮಾವ.

ಇದ್ದದ್ದು ಹೌದು. ಕಪ್ಪು ಕ್ಯಾನ್ವಾಸಿನ ಹೊದಿಕೆ, ಗುಂಡಿ ಹಾಕಿ ಬಿಗಿಯುವಂಥದ್ದು. ಆದರೆ ಮೊದಲ ಜೂನ್ ತಿಂಗಳಲ್ಲೇ ಅದು ಹೋಯಿತು. ವರ್ಕಾಡಿಯ ಕಡೆ ಬೀಡಿ ಕಟ್ಟುವ ಹೆಂಗಸೊಬ್ಬರ ಮನೆಯಲ್ಲಿ ದನ ಕರು ಹಾಕಿತ್ತು, ಹಟ್ಟಿ ಸೋರುತ್ತಿತ್ತು. ಮಾವ ಡಿಕ್ಕಿಯಿಂದ ಕ್ಯಾನ್ವಾಸ್ ತೆಗೆದು ಹಟ್ಟಿಯ ಮೇಲೆ ಹರಡಿ ನಾಲ್ಕು ಮೂಲೆಗೂ ಕಲ್ಲು ಕಟ್ಟಿದರು. ಮಳೆಗಾಲ ಮುಗಿದ ಮೇಲೆ ಅದನ್ನು ವಾಪಸು ಕೇಳುವ ಮನಸ್ಸು ಅವರಿಗಾಗಲಿಲ್ಲ. ಹಾಗೆ ನಮ್ಮ ಕಾರಿನ ಮಾಡು ವರ್ಕಾಡಿಯ ಒಂದು ಹಟ್ಟಿಯ ಮೇಲೆ ಉಳಿಯಿತು, ಕಾರು ಬಯಲಿಗೆ ಬಿತ್ತು.

ಆಗ ನನ್ನ ಎಂ.ಎಸ್ಸಿ. ಮುಗಿದಿತ್ತು. ಒಂದು ಹೈಯರ್ ಸೆಕೆಂಡರಿಯಲ್ಲಿ ಫಿಸಿಕ್ಸಿಗೆ ಗೆಸ್ಟ್ ಟೀಚರ್ ಆಗಿದ್ದೆ. ವಾರದಲ್ಲಿ ಅರ್ಧ ದಿನಗಳು ಖಾಲಿ. ಖಾಲಿ ದಿನಗಳಲ್ಲಿ ಮನೆಯಲ್ಲಿದ್ದರೆ ಮದುವೆಯ ಮಾತು. ಅದಕ್ಕಿಂತ ಮಾವನ ಚೀಲ ಹಿಡಿಯುವುದೇ ಮೇಲು ಅನಿಸಿತು.

ಮಳೆಗೆ ಗಾಡಿ ನಿಲ್ಲಿಸಬಾರದು ಎನ್ನುವುದು ಮಾವನ ಕ್ರಮ. ಅದರಲ್ಲಿ ಸ್ವಲ್ಪ ವಿಜ್ಞಾನವೂ ಇತ್ತು. ಕಾರು ಒಂದು ವೇಗದಲ್ಲಿ ಓಡುತ್ತಿದ್ದರೆ ಮಳೆ ಎದುರಿನ ಗಾಜಿಗೆ ಹೊಡೆದು ನಮ್ಮ ತಲೆಯ ಮೇಲಿಂದ ಹಿಂದಕ್ಕೆ ಹಾರಿ ಹೋಗುತ್ತದೆ. ಹನಿಗಳು ಬಾಗಿ ಹೋಗುವುದು ಕಣ್ಣಿಗೆ ಕಾಣಿಸುತ್ತದೆ, ಮೈಗೆ ತಾಗುವುದಿಲ್ಲ. ಮೊದಲ ಸಲ ಹಾಗೆ ಆದಾಗ ನಾನು ಸಣ್ಣ ಮಕ್ಕಳ ಹಾಗೆ ಕೈ ಮೇಲಕ್ಕೆತ್ತಿ ಮಳೆಯನ್ನು ಮುಟ್ಟಿ ನೋಡಿದ್ದೆ. ನಿಧಾನವಾಯಿತೋ, ಒದ್ದೆ. ರಸ್ತೆಯ ಹಂಪಿನಲ್ಲಿ ಒದ್ದೆ, ರೈಲ್ವೆ ಗೇಟಿನಲ್ಲಿ ಒದ್ದೆ. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲಂತೂ ಕಾಸರಗೋಡು ಪೇಟೆ ದಾಟುವಷ್ಟರಲ್ಲಿ ಸ್ನಾನವೇ ಆಗುತ್ತಿತ್ತು. ಕಾರಿನ ತಳದಲ್ಲಿ ಎರಡು ತೂತು ಕೊರೆಸಿ ಮಾವ ಬಿರಡೆ ಹಾಕಿದ್ದರು. ನೀರು ಪಾದ ಮುಟ್ಟಿದ ಕೂಡಲೇ ಬಿರಡೆ ತೆಗೆಯುವುದು ನನ್ನ ಕೆಲಸ.

ಮಾವನ ತಲೆಯ ಮೇಲೆ ಮಾತ್ರ ಅಡಿಕೆ ಹಾಳೆಯ ಮುಟ್ಟಾಳೆ ಇರುತ್ತಿತ್ತು. ಗಾಳಿಗೆ ಹಾರದ ಹಾಗೆ ಗಲ್ಲದ ಕೆಳಗೆ ದಾರ ಕಟ್ಟುತ್ತಿದ್ದರು. ಕೆಳಗೆ ಇಂಗ್ಲಿಷ್ ಕಾರು, ಮೇಲೆ ತೋಟದ ಟೊಪ್ಪಿ. ಒಮ್ಮೆ ಪೇಟೆಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿ ನಾವು ನೆನೆಯುತ್ತಿದ್ದಾಗ ಪಕ್ಕದ ರಿಕ್ಷಾದಿಂದ ಬ್ಯಾರಿ ವ್ಯಾಪಾರಿಯೊಬ್ಬರು ತಲೆ ಹೊರಗೆ ಹಾಕಿದರು.

"ಡಾಕ್ಟ್ರೇ, ಗಾಡಿಗೆ ಮಂಡೆ ಇಡ್ಲಿಕ್ಕೆ ಮರ್ತು ಹೋಯ್ತಾ?"

"ಮಂಡೆ ಇಲ್ಲದ್ದು ಗಾಡಿಗಲ್ಲ ಕಾಕ, ನನಗೆ," ಎಂದರು ಮಾವ.

ಕಾಕ ನಕ್ಕು ನಕ್ಕು, ರಿಕ್ಷಾ ಹೊರಡುವ ಮೊದಲು ತಮ್ಮ ಕೊಡೆಯನ್ನು ನನ್ನ ಮಡಿಲಿಗೆ ಹಾಕಿ ಹೋದರು. ಅದನ್ನು ಅವರ ಅಂಗಡಿಗೆ ಮುಟ್ಟಿಸಲು ಹೋದ ದಿನ ಅಲ್ಲಿಯೇ ಒಂದು ಆಡಿಗೆ ಹೊಟ್ಟೆ ಉಬ್ಬರವೆಂದು ಸುದ್ದಿ ಬಂದು, ಕಡಲ ಬದಿಯ ಆ ಮನೆಗೆ ಹೋಗಿ, ಆಡನ್ನು ನನ್ನ ಮಡಿಲಲ್ಲಿ ಕೂರಿಸಿಕೊಂಡು ಮೃಗಾಸ್ಪತ್ರೆಗೆ ಬಂದೆವು. ದಾರಿಯುದ್ದಕ್ಕೂ ಅದು ಕಿವಿ ಹಾರಿಸಿಕೊಂಡು ಊರು ನೋಡಿತು. ಮರುದಿನ ವಾಪಸು ಬಿಟ್ಟಾಗ ಆ ಮನೆಯ ಮುದಿ ಉಮ್ಮ ಹೇಳಿದರು: "ಇನ್ನು ಇದು ನಡೆಯುವುದಿಲ್ಲ ಡಾಕ್ಟ್ರೇ. ಗಾಡಿಯ ಗಮ್ಮತ್ತು ಗೊತ್ತಾಯ್ತಲ್ಲ!"

ಬೇಸಗೆಯಲ್ಲಿ ಸೀಟು ಕಾದ ಕಾವಲಿ. ಬೈರಾಸು ಒದ್ದೆ ಮಾಡಿ ಹಾಸಿ ಕೂರಬೇಕು. ಧನು ತಿಂಗಳ ಬೆಳಿಗ್ಗೆ ಮೂಗಿನ ತುದಿ ತಣ್ಣಗಾಗಿ ಇಲ್ಲದ ಹಾಗೆ ಆಗುತ್ತಿತ್ತು. ಆದರೆ ಮಾಡಿಲ್ಲದ ಕಾರಿಗೆ ಊರಿನ ವಾಸನೆಯೆಲ್ಲ ಹತ್ತಿ ಕೂರುತ್ತದೆ. ಕಡಲಿನ ಬದಿಯಲ್ಲಿ ಒಣಮೀನು, ಗುಡ್ಡ ಹತ್ತುವಾಗ ಗೇರುಹೂವು, ಕುಂಬ್ಡಾಜೆಯ ತಿರುವುಗಳಲ್ಲಿ ರಬ್ಬರ್ ಶೀಟಿನ ಹುಳಿ ನಾತ, ವರ್ಕಾಡಿಯ ಜಗಲಿಗಳ ಬೀಡಿ ಎಲೆ. ಕಣ್ಣು ಮುಚ್ಚಿದರೂ ಎಲ್ಲಿದ್ದೇವೆಂದು ನಾನು ಹೇಳುತ್ತಿದ್ದೆ. ಮಾವ ಪರೀಕ್ಷೆ ಮಾಡುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಆ ಕಾರಿನೊಳಗಿನ ಮಾತು. ಗಾಳಿಯ ಸದ್ದಿಗೆ ಸಾಧಾರಣ ದನಿ ಕೇಳುವುದಿಲ್ಲ, ಕೂಗಿಯೇ ಮಾತಾಡಬೇಕು. ಮನೆಯಲ್ಲಿ ಮೆಲ್ಲಗೂ ಹೇಳಲಾಗದ್ದನ್ನು ಅಲ್ಲಿ ಕೂಗಿ ಹೇಳಬಹುದಿತ್ತು. "ನನಗೆ ಅಮ್ಮ ನೋಡಿದ ಆ ಹುಡುಗ ಬೇಡ ಮಾವ!" ಎಂದು ನಾನು ಮೊದಲು ಕೂಗಿದ್ದು ಒಂದು ಇಳಿಜಾರಿನಲ್ಲಿ. "ಬೇಡದಿದ್ದರೆ ಬೇಡ! ನಿನ್ನ ಅಮ್ಮನಿಗೆ ನಾನು ಹೇಳ್ತೇನೆ!" ಎಂದು ಅವರೂ ಕೂಗಿದರು. ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ಮಾವ ರಸ್ತೆಯಿಂದ ಕಣ್ಣು ತೆಗೆಯದೆ, ಎಡಗಿವಿಯನ್ನು ಮಾತ್ರ ನನ್ನ ಕಡೆಗೆ ಒಂದಿಷ್ಟು ವಾಲಿಸಿ ಕೇಳುತ್ತಿದ್ದರು. ಆ ವರ್ಷ ನನ್ನ ಸಂಕಟಗಳೆಲ್ಲ ಹೋಗಿ ಸೇರಿದ್ದು ಆ ಕಿವಿಗೆ.

ಇನ್ನೊಂದು ಮಾತೂ ಇತ್ತು. ಗುಡುಗು ಬರುವಾಗ ಕಾರಿನೊಳಗೆ ಇದ್ದರೆ ಸಿಡಿಲಿನ ಭಯ ಕಡಿಮೆ ಎಂದು ನಾನು ಯಾವಾಗಲೋ ಹೇಳಿದ್ದೆ. ಮಾವ ಅದನ್ನು ಹಿಡಿದುಕೊಂಡರು. ಯಾರಾದರೂ "ಗುಡುಗುತ್ತಾ ಉಂಟು, ಕೂತು ಹೋಗಿ" ಎಂದರೆ, "ನಮಗೆ ಎಂತ ಆಗುವುದಿಲ್ಲ. ನಮ್ಮ ಫಿಸಿಕ್ಸ್ ಟೀಚರ್ ಬರೆದು ಕೊಟ್ಟಿದ್ದಾಳೆ," ಎನ್ನುತ್ತಿದ್ದರು. ಅದು ಸುತ್ತ ತಗಡಿರುವ ಕಾರಿಗೆ ಮಾವ, ಇದು ಫೈಬರ್, ಇದಕ್ಕೆ ಮಾಡೂ ಇಲ್ಲ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. "ರಬ್ಬರ್ ಟೈರ್ ಉಂಟಲ್ಲ?" ಎಂದು ಅವರು ಪ್ರತಿ ಸಲವೂ ಕೇಳುತ್ತಿದ್ದರು. ಅದು ನಮ್ಮ ನಡುವಿನ ಆಟವೇ ಆಗಿಹೋಗಿತ್ತು.

ತುಲಾ ತಿಂಗಳು. ಬೆಳಿಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ದಾಟಿದರೆ ಘಟ್ಟದ ಕಡೆಯಿಂದ ಮೋಡ ಏರಿ ಬರುವ ಕಾಲ. ಆ ದಿನ ಕುಂಬ್ಡಾಜೆಯ ಕಡೆಯ ಒಂದು ಮನೆಯಲ್ಲಿ ಚೊಚ್ಚಲ ಹೆರಿಗೆಯ ದನ. ಕರುವಿನ ಮುಂಗಾಲು ಒಳಗೆ ಮಡಚಿ ಹೋಗಿತ್ತು. ಮಾವ ನೆಲದಲ್ಲಿ ಮಲಗಿ, ತೋಳು ಪೂರ್ತಿ ಒಳಗೆ ಹಾಕಿ, ಕಣ್ಣು ಮುಚ್ಚಿ ಕಾಲನ್ನು ಹುಡುಕಿ ಬಿಡಿಸಿದರು. ಹೊರಗೆ ಬಂದದ್ದು ಹೆಣ್ಣುಗರು. ಉಸಿರಿರಲಿಲ್ಲ. ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕಚಗುಳಿ ಇಟ್ಟು, ಎದೆ ತಿಕ್ಕಿದ ಮೇಲೆ ಒಂದು ಸೀನು ಬಂತು. ಬದುಕಿತು. ಆದರೆ ಎದ್ದು ನಿಲ್ಲಲು ನೋಡುವುದು, ಮೊಣಕಾಲು ಕುಸಿಯುವುದು, ಮತ್ತೆ ಬೀಳುವುದು.

"ಚಾಯಕ್ಕೆ ನೀರು ಇಟ್ಟಿದ್ದೇನೆ ಡಾಕ್ಟ್ರೇ," ಎಂದರು ಮನೆಯಾಕೆ. "ಮೋಡ ನೋಡಿ, ಎಮ್ಮೆ ಮಲಗಿದ ಹಾಗೆ ಉಂಟು. ಕರುವೂ ಎದ್ದಿಲ್ಲ. ಕೂತು ಹೋಗಿ."

"ಪದವಿನ ಆಚೆ ಒಂದು ಮನೆಯಲ್ಲಿ ಹಾಲುಜ್ವರದ ದನ ಕೆಡೆದು ಬಿದ್ದಿದೆ ಅಕ್ಕ. ತಡವಾದರೆ ಹೋಗ್ತದೆ ಅದು. ಕರು ಎದ್ದ ಕೂಡಲೇ ನನಗೊಂದು ಫೋನ್ ಮಾಡಿ."

ಏರು ಹತ್ತುವಾಗ ಮಳೆ ಹೊಡೆಯಿತು, ಹೊಡೆದ ಹಾಗೆ ನಿಂತೂ ಬಿಟ್ಟಿತು. ಮೇಲೆ ಪದವು. ಗುಡ್ಡದ ನೆತ್ತಿಯನ್ನು ಯಾರೋ ಕತ್ತಿಯಿಂದ ಸವರಿದ ಹಾಗೆ ಚಪ್ಪಟೆ ಮುರಕಲ್ಲು, ಗಿಡ್ಡ ಹುಲ್ಲು. ರಸ್ತೆಯ ಬಲಕ್ಕೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಹೊಂಡ, ಎಡಕ್ಕೆ ಸ್ವಲ್ಪ ಆಚೆ ಒಂಟಿ ತಾಳೆಮರ. ಬೇರೆ ಏನೂ ಇಲ್ಲ. ಅಲ್ಲಿಗೆ ಬಂದು ಕಾರು ಕೆಮ್ಮಿತು, ನಿಂತಿತು.

"ಎಂಜಿನ್ನಿಗೆ ನೀರು ಹೋಗಿದೆ. ಪ್ಲಗ್ ಒರೆಸಿದರೆ ಸಾಕು," ಎಂದು ಮಾವ ಇಳಿದು ಬಾನೆಟ್ ಎತ್ತಿದರು.

ನಾನೂ ಇಳಿದು ಬೈರಾಸಿನಲ್ಲಿ ತೋಳು ಒರೆಸಿಕೊಳ್ಳುತ್ತಿದ್ದೆ. ಗಾಳಿ ಇರಲಿಲ್ಲ. ಕಪ್ಪೆಗಳ ಸದ್ದೂ ಇರಲಿಲ್ಲ. ಆಗ ಒಂದು ಶಬ್ದ ಕೇಳಿಸಿತು, ಸಣ್ಣ ಜೀರುಂಡೆಯ ಹಾಗೆ. ಎಲ್ಲಿಂದ ಎಂದು ನೋಡಿದರೆ ಕಾರಿನ ಎದುರು ಗಾಜಿನ ಸುತ್ತಲಿನ ಲೋಹದ ಪಟ್ಟಿಯಿಂದ. ಅದು ಹಾಡುತ್ತಿತ್ತು. ನನ್ನ ತೋಳಿನ ರೋಮಗಳು ಒಂದೊಂದಾಗಿ ಎದ್ದು ನಿಂತವು. ಅದು ಸಿಡಿಲು ಬೀಳುವ ಮೊದಲಿನ ಸೂಚನೆ ಎಂದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದನ್ನು ಚರ್ಮದಲ್ಲಿ ಓದಿದ್ದು ಅದೇ ಮೊದಲು.

"ಮಾವ, ಬಿಡಿ ಅದನ್ನು! ಹೊಂಡಕ್ಕೆ ಇಳಿಯುವ!"

"ಮಳೆ ಬಿಟ್ಟಿತಲ್ಲ. ನಿನಗೆ ಹೆದರಿಕೆ ಆದರೆ ಕಾರಿನೊಳಗೆ ಕೂತುಕೊ."

"ಒಳಗೆ ಎಲ್ಲುಂಟು ಮಾವ? ಇದಕ್ಕೆ ಒಳಗೆ ಅಂತ ಉಂಟಾ?"

ಮಾವ ತಲೆಯೆತ್ತಿ ಕಾರನ್ನು ನೋಡಿದರು, ಅಷ್ಟು ದಿನ ಓಡಿಸಿದವರು ಅವತ್ತೇ ಮೊದಲು ನೋಡಿದ ಹಾಗೆ. ಅವರಿಗೆ ನಗು ಬಂತು. ಆ ನಗುವಿಗಾಗಿ ಅವರು ನಿಂತ ಹೊತ್ತು ಎಷ್ಟೋ ನನಗೆ ಗೊತ್ತಿಲ್ಲ. ನೆನಪಿನಲ್ಲಿ ಅದು ಪ್ರತಿ ಸಲವೂ ಉದ್ದವಾಗುತ್ತಲೇ ಇದೆ. ನಾನು ಅವರ ಮಣಿಕಟ್ಟು ಹಿಡಿದು ಎಳೆದೆ. ಹೊಂಡದ ಅಂಚಿಗೆ ಬಂದೆವು. ನಾನು ಹಾರಿದೆ. ಕೈ ಬಿಟ್ಟುಹೋಯಿತು. ಅವರು ಇಳಿಯಲು ಬಲಗಾಲು ಚಾಚಿದ್ದರು, ನನ್ನ ಕಡೆಗೆ ನೋಡುತ್ತಿದ್ದರು.

ಎಲ್ಲ ಬೆಳ್ಳಗಾಯಿತು. ಶಬ್ದವಾಯಿತೋ ಇಲ್ಲವೋ ನನಗೆ ನೆನಪಿಲ್ಲ. ಕೆಂಪುಕಲ್ಲಿನ ಗೋಡೆಯಲ್ಲಿ ಮಚ್ಚಿನ ಗೀರು ಒಂದೊಂದೂ ಕಂಡಿತು. ಆಮೇಲೆ ಮೇಲಿನಿಂದ ಮುಟ್ಟಾಳೆ ಉರುಳಿ ಬಂದು ನನ್ನ ಕಾಲ ಬುಡದಲ್ಲಿ ಬಿತ್ತು. ಮುಟ್ಟಾಳೆ ಬಂತು, ಮಾವ ಬರಲಿಲ್ಲ.

ನಾನು ಹೇಗೆ ಮೇಲೆ ಹತ್ತಿದೆ ಎನ್ನುವುದನ್ನು ನನ್ನ ಉಗುರುಗಳು ಹೇಳಬೇಕು. ತಾಳೆಮರ ಎರಡಾಗಿ ಸೀಳಿ ಹೊಗೆಯಾಡುತ್ತಿತ್ತು. ಮಾವ ಅಂಚಿನಲ್ಲಿ ಮಗುಚಿ ಬಿದ್ದಿದ್ದರು. ಅವರನ್ನು ತಿರುಗಿಸಿದೆ. ಕರೆದೆ, ಕೂಗಿದೆ. ಇಡೀ ವರ್ಷ ಕೂಗಿ ಅಭ್ಯಾಸವಿದ್ದ ಗಂಟಲು. ಆ ಕಿವಿಗೆ ಅದು ಮುಟ್ಟಲಿಲ್ಲ. ಕರುವಿಗೆ ಅವರು ಮಾಡಿದ ಹಾಗೆ ಎದೆ ತಿಕ್ಕಿದೆ. ಆಗ ಅವರ ಹೊಟ್ಟೆ ಏರಿ ಇಳಿಯುವುದು ಕಂಡಿತು. ಕಣ್ಣು ತೆರೆದರು. ಯಾರೋ ಗುಡ್ಡದಾಚೆ ಇರುವವರಿಗೆ ಹೇಳುವ ಹಾಗೆ ಬೊಬ್ಬೆ ಹಾಕಿ ಕೇಳಿದರು:

"ಕರು ಎದ್ದಿತಾ?"

ಎದ್ದಿತು ಮಾವ, ಎದ್ದಿತು ಎಂದು ನಾನು ಅಳುತ್ತಾ ಹೇಳಿದೆ. ಅವರು ನನ್ನ ಬಾಯಿಯನ್ನು ನೋಡುತ್ತಿದ್ದರು. ಎಡಗಿವಿಯಿಂದ ಒಂದು ತೆಳ್ಳಗಿನ ರಕ್ತದ ಗೆರೆ ಇಳಿದಿತ್ತು.

ಸುರಿಯುವ ಮಳೆಯಲ್ಲಿ ಒಂದು ಸರ್ವೀಸ್ ಜೀಪು ಬಂತು. ಊರೂರಿಗೆ ಜನ ಸಾಗಿಸುವ, ತುಂಬಿದ ಜೀಪು. ಇಬ್ಬರು ಇಳಿದು ಹಿಂದೆ ಜೋತುಕೊಂಡು ಮಾವನಿಗೆ ಜಾಗ ಮಾಡಿದರು. ಡ್ರೈವರ್ ದಾರಿಯಲ್ಲಿ ಎಲ್ಲಿಯೂ ನಿಲ್ಲಿಸದೆ ನೇರ ಕಾಸರಗೋಡಿನ ಆಸ್ಪತ್ರೆಗೆ ಬಿಟ್ಟ. ತಮ್ಮ ಸ್ಟಾಪು ದಾಟಿ ಹೋದರೂ ಯಾರೂ ಬಾಯಿ ತೆರೆಯಲಿಲ್ಲ. ಹಾಲುಜ್ವರದ ದನದ ಮನೆಗೆ ಬೇರೆ ಡಾಕ್ಟರನ್ನು ಕಳಿಸು ಎಂದು ಮಾವ ಜೀಪಿನಲ್ಲಿ ಮತ್ತೆ ಮತ್ತೆ ಬೊಬ್ಬೆ ಹಾಕುತ್ತಿದ್ದರು. ಕಳಿಸಿದೆ. ಕರು ಸಂಜೆಯೇ ಎದ್ದು ಹಾಲು ಕುಡಿದಿತ್ತಂತೆ.

ಸಿಡಿಲು ಮೈಗೆ ಬಡಿದದ್ದಲ್ಲ, ಹತ್ತಿರದಲ್ಲಿ ಬಿದ್ದದ್ದರ ಪೆಟ್ಟು ಎಂದರು ಆಸ್ಪತ್ರೆಯಲ್ಲಿ. ಕೆಲವೇ ದಿನಗಳಲ್ಲಿ ಮಾವ ಎದ್ದು ಓಡಾಡಿದರು. ಬಲಗಿವಿ ಸರಿಯಾಯಿತು. ಎಡಗಿವಿ ಬರಲಿಲ್ಲ.

ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮಾವ ಅದನ್ನು ತರಿಸಿದರು, ಒರೆಸಿದರು, ಮತ್ತೆ ಓಡಿಸಿದರು. ನಾನೂ ಹೋಗಿ ಎಡಗಡೆ ಕೂತೆ. ಆಗ ತಿಳಿಯಿತು. ನಾನು ಎಷ್ಟು ಕೂಗಿದರೂ ಅವರಿಗೆ ಕೇಳುವುದಿಲ್ಲ. ಮೊದಲು ಸುಮ್ಮನೆ ತಲೆ ಆಡಿಸಿದರು. ಆಮೇಲೆ "ಆಂ?" ಎಂದು ಪೂರ್ತಿ ನನ್ನ ಕಡೆಗೆ ತಿರುಗಿದರು. ಎದುರಿನಿಂದ ಬಂದ ಬೈಕು ಚರಂಡಿಗೆ ಇಳಿದು ತಪ್ಪಿಸಿಕೊಂಡಿತು. ಬೈಕಿನವನು ಬೈದದ್ದು ಅವರಿಗೆ ಬಲಗಿವಿಯಲ್ಲಿ ಚೆನ್ನಾಗಿ ಕೇಳಿಸಿತು. ಅಂದಿನಿಂದ ನಾನು ಕಾರಿನಲ್ಲಿ ಮಾತಾಡುವುದನ್ನು ನಿಲ್ಲಿಸಿದೆ. ಸ್ವಲ್ಪ ಸಮಯದಲ್ಲಿ ಹೋಗುವುದನ್ನೂ ನಿಲ್ಲಿಸಿದೆ. ಅಷ್ಟರಲ್ಲಿ ನನಗೆ ಕಾಯಂ ಕೆಲಸವೂ ಸಿಕ್ಕಿತು. ನಮ್ಮ ಮನೆಗೆ ಬಂದಾಗ ಮಾವ ಊಟದ ಮೇಜಿನಲ್ಲಿ ಎಲ್ಲರೊಡನೆ ಮಾತಾಡುತ್ತಿದ್ದರು, ನನ್ನೊಡನೆಯೂ. ಆದರೆ ಊಟದ ಮೇಜಿನಲ್ಲಿ ಕೂಗಿ ಹೇಳುವಂಥದ್ದನ್ನು ಹೇಳಲಾಗುವುದಿಲ್ಲ. ಮಾವ ಬದುಕಿ ಉಳಿದಿದ್ದರು. ನಾನು ಯಾರೊಡನೆ ಮಾತಾಡುತ್ತಿದ್ದೆನೋ ಅವರು ಪದವಿನ ಮೇಲೆಯೇ ಉಳಿದುಬಿಟ್ಟರೋ ಎಂದು ಎಷ್ಟೋ ಸಲ ಅನಿಸಿತು.

"ಅವಳಿಗೆ ಆ ಗಾಡಿಯ ಹೆದರಿಕೆ ಹೋಗಿಲ್ಲ," ಎಂದು ಅವರು ಅಮ್ಮನ ಹತ್ತಿರ ಹೇಳಿದ್ದರಂತೆ. ಅದೂ ಸುಳ್ಳಲ್ಲ.

ಈ ವರ್ಷ ತುಲಾ ತಿಂಗಳಲ್ಲಿ ಒಂದು ಶನಿವಾರ ಅಂಗಳದಲ್ಲಿ ಆ ಎಂಜಿನ್ನಿನ ಸದ್ದು. ಹೊರಗೆ ಬಂದು ನೋಡಿದರೆ ಮಾವ ಕಾರಿನಿಂದ ಇಳಿದು, ಮೂತಿಯ ಎದುರಿನಿಂದ ಸುತ್ತು ಬಂದು, ಎಡಗಡೆಯ ಬಾಗಿಲು ದಾಟಿ ನನ್ನ ಜಾಗದಲ್ಲಿ ಕೂತರು. ಔಷಧಿ ಚೀಲ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಅವತ್ತಿನ ಕರು ಉಂಟಲ್ಲ, ಅದಕ್ಕೆ ಗಬ್ಬ ನಿಂತಿದೆಯಾ ನೋಡ್ಬೇಕಂತೆ. ಬಾ, ಇವತ್ತು ನೀನು ಬಿಡು."

"ನಾನಾ? ಈ ಗಾಡಿಯನ್ನು?"

"ಲೈಸೆನ್ಸ್ ಉಂಟಲ್ಲ ಮಾರಾಯ್ತಿ. ಮತ್ತೆ ಎಂತದು?" ಎಂದವರು ತಮ್ಮ ಬಲಗಿವಿಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಇದು ಈಗ ನಿನ್ನ ಕಡೆಗೆ ಬರ್ತದೆ."

ಅಮ್ಮ ಜಗಲಿಯಲ್ಲಿ ನಿಂತು ಆಕಾಶ ನೋಡಿದರು, ನನ್ನನ್ನು ನೋಡಿದರು. ನಾನು ಸ್ಟಿಯರಿಂಗಿನ ಹಿಂದೆ ಕೂತು ಕಾರನ್ನು ಗೇಟು ದಾಟಿಸಿದೆ. ಪೇಟೆ ಕಳೆದು ಗಾಳಿ ಶುರುವಾದ ಮೇಲೆ ನಾನು ಕೂಗಿದೆ, ಮೊದಲು ಮೆಲ್ಲಗೆ, ಆಮೇಲೆ ಹಳೆಯ ದನಿಯಲ್ಲಿ. ಮೂರು ವರ್ಷದ್ದು ಬಾಕಿ ಇತ್ತಲ್ಲ. ಮಾವ ರಸ್ತೆ ನೋಡುತ್ತಾ ಬಲಗಿವಿಯನ್ನು ನನ್ನ ಕಡೆಗೆ ಒಂದಿಷ್ಟು ವಾಲಿಸಿ ಕೇಳಿದರು. ನಡುನಡುವೆ "ಗೇರ್ ಇಳಿಸು!" ಎಂದು ಕೂಗಿದರು.

ಆ ಕರು ಈಗ ಕೊಂಬು ಬಂದ ಕೆಂದು ಬಣ್ಣದ ಕಡಸು. ಗಬ್ಬ ನಿಂತಿತ್ತು. ಮಾವನ ಕೈಯನ್ನು ನೆಕ್ಕಿತು, ನನ್ನನ್ನು ಒದೆಯಲು ನೋಡಿತು.

ಮರಳುವಾಗ ಘಟ್ಟದ ಕಡೆ ಕಪ್ಪಾಗಿತ್ತು. ಪದವಿನ ಏರು ಶುರುವಾಗುವ ಮೊದಲು ಒಂದು ಚಾಯದಂಗಡಿ. ಮೊದಲ ಹನಿ ಬಿದ್ದ ಕೂಡಲೇ ನಾನು ಅದರ ಎದುರು ಕಾರು ನಿಲ್ಲಿಸಿದೆ.

"ನಿಲ್ಲಿಸಿದ್ದೆಂತ?" ಎಂದರು ಮಾವ.

"ಮಳೆ."

"ಈ ಗಾಡಿಯಲ್ಲಿ ಮಳೆಗೆ ನಿಲ್ಲಿಸುವ ಕ್ರಮ ಇಲ್ಲ."

"ಬಿಡುವವಳು ನಾನು. ಕ್ರಮ ನನ್ನದು. ಇಳೀರಿ."

ಅವರು ನನ್ನ ಮುಖ ನೋಡಿದರು. ಮುಟ್ಟಾಳೆಯ ದಾರ ಬಿಚ್ಚಿ ಇಳಿದರು. "ಓ, ಇವತ್ತು ದನದ ಡಾಕ್ಟ್ರಿಗೂ ಮಳೆ ತಾಗಿತಾ?" ಎಂದು ಅಂಗಡಿಯವನು ಬೆಂಚು ಒರೆಸಿದ. ನಾನು ನೋಡಿಕೊಂಡು ಮಾವನ ಬಲಗಡೆ ಕೂತೆ. ಮಳೆ ಪರದೆ ಎಳೆದ ಹಾಗೆ ಬಂತು. ಕಾರು ಹೊರಗೆ ಬಾಯಿ ತೆರೆದುಕೊಂಡು ನೆನೆಯುತ್ತಿತ್ತು, ಸೀಟಿನಲ್ಲಿ ನೀರು ಕಟ್ಟಿ ಹನಿಗಳು ಕುಣಿಯುತ್ತಿದ್ದವು.

"ಬಿರಡೆ ತೆಗೆದಿದ್ದೀಯಾ?"

"ತೆಗೆದಿದ್ದೇನೆ ಮಾವ."

ಪದವಿನ ಮೇಲೆ ಮಿಂಚಿತು. ನನ್ನ ತುಟಿ ಎಣಿಸಲು ಶುರುಮಾಡಿತು. ಮಾವ ಚಾಯದ ಗ್ಲಾಸು ಕೆಳಗಿಟ್ಟು, ಅಂಗಡಿಯವನಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ, ನಾನು ಹೋಗುವಾಗ ಕೂಗಿ ಅರ್ಧಕ್ಕೆ ಬಿಟ್ಟಿದ್ದ ಒಂದು ಮಾತನ್ನು ಎತ್ತಿಕೊಂಡರು: "ಅಲ್ಲ, ಈ ಹುಡುಗ ಆದೀತು ಅಂತ ಹೇಳ್ತಾ ಇದ್ದಿಯಲ್ಲ, ಅವನಿಗಾದರೂ ಈ ಗಾಡಿಯಲ್ಲಿ ಕೂತುಕೊಳ್ಳುವ ಧೈರ್ಯ ಉಂಟಾ?"

ಅಂಗಡಿಯವನು ನಕ್ಕ. ನನಗೂ ನಗು ಬಂತು. ಉತ್ತರ ಹೇಳಲು ಬಾಯಿ ತೆರೆದೆ. ಗುಡುಗು ಬಂದದ್ದು ಆಮೇಲೆ. ಎಷ್ಟರವರೆಗೆ ಎಣಿಸಿದ್ದೆನೋ ನನಗೆ ತಪ್ಪಿ ಹೋಗಿತ್ತು.